ಪಕ್ಕದ ಹಾಸಿಗೆಯ ನೀರಿನವರು

ಕೆಟಲಿನ ತಳದಲ್ಲಿ ಬಿಳಿಯ ಪೊರೆ ಕಟ್ಟಿತ್ತು. ಅದನ್ನು ಬಿಡಿಸಲೆಂದು ಹೋದ ವಾರ ಒಂದಿಷ್ಟು ವಿನೆಗರ್ ಸುರಿದು ಕುದಿಯಲು ಇಟ್ಟೆ. ಹುಳಿ ಹಬೆ ಎದ್ದು ಮೂಗಿಗೆ ಬಡಿಯಿತು. ಆಗ ಕಣ್ಣ ಮುಂದೆ ಬಂದದ್ದು ಎರಡು ಪಾದಗಳು. ನೀಲಿ ಹೊದಿಕೆಯ ತುದಿಯಿಂದ ಹೊರಗೆ ಚಾಚಿಕೊಂಡಿದ್ದ, ಹಿಮ್ಮಡಿ ಒಡೆದ, ಅಗಲವಾದ ಪಾದಗಳು. ಮುಖ ಬರಲಿಲ್ಲ. ಮುಖ ಬರಲು ಕೆಟಲು ಆರುವಷ್ಟು ಹೊತ್ತು ಹಿಡಿಯಿತು...

ಆ ವಾಸನೆ ಎಲ್ಲಿಯದೆಂದು ಹೇಳಿಬಿಡುತ್ತೇನೆ. ನನ್ನ ಅಮ್ಮ ಏಳು ವರ್ಷಗಳಿಂದ ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಹೋಗುತ್ತಾಳೆ. ಎರಡೂ ಕಿಡ್ನಿ ಕೈಬಿಟ್ಟಿವೆ. ಯಂತ್ರವೊಂದು ನಾಲ್ಕು ಗಂಟೆ ಕಾಲ ಅವಳ ರಕ್ತವನ್ನು ಹೊರಗೆಳೆದು, ಸೋಸಿ, ಮೈಯಲ್ಲಿ ಹೆಚ್ಚಾದ ನೀರನ್ನು ತೆಗೆದು, ಮತ್ತೆ ಒಳಗೆ ಬಿಡುತ್ತದೆ. ಮೊದಲು ಆ ಸೋಸುವ ಕೊಳವೆಯನ್ನು ಪ್ರತಿ ರೋಗಿಗೆ ಒಂದರಂತೆ ಎತ್ತಿಟ್ಟು, ತೊಳೆದು ಮತ್ತೆ ಬಳಸುತ್ತಿದ್ದರು. ತೊಳೆಯುವ ದ್ರಾವಣಕ್ಕೆ ಥೇಟ್ ವಿನೆಗರಿನ ವಾಸನೆ. ಈಗ ಪ್ರತಿ ಸಲವೂ ಹೊಸ ಕೊಳವೆ ಹಾಕುತ್ತಾರೆ. ವಾಸನೆ ಯಾವಾಗ ಹೋಯಿತೋ, ನಾನು ಗಮನಿಸಿಯೇ ಇರಲಿಲ್ಲ.

ಆ ಪಾದಗಳು ಅಮ್ಮನ ಪಕ್ಕದ ಹಾಸಿಗೆಯವರವು. ಅವರನ್ನು ನಾವು ನೀರಿನವರು ಎನ್ನುತ್ತಿದ್ದೆವು. ನಾನು ಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಸರಸ್ವತಿಪುರಂನ ನಮ್ಮ ರಸ್ತೆಗೆ ನೀರು ಬಿಡುತ್ತಿದ್ದದ್ದು ಅವರು. ಅಶೋಕಪುರಂನಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಸೈಕಲ್ಲಿನ ಬಾರಿಗೆ ಎದೆಯೆತ್ತರದ ಕಬ್ಬಿಣದ ಕೀಯೊಂದನ್ನು ಕಟ್ಟಿರುತ್ತಿದ್ದರು. ರಸ್ತೆಯ ಮೂಲೆಯಲ್ಲಿ ಮುಚ್ಚಳ ಸರಿಸಿ, ಕೀಯನ್ನು ಗುಂಡಿಯೊಳಗಿನ ವಾಲ್ವಿಗೆ ಇಳಿಸಿ, ಎರಡೂ ಕೈಯಲ್ಲಿ ಹಿಡಿದು ಮೈಯೆಲ್ಲ ಹಾಕಿ ತಿರುಗಿಸಿದರೆ, ಸ್ವಲ್ಪ ಹೊತ್ತಿಗೆ ನಮ್ಮ ಸಂಪಿನ ಪೈಪಿನಲ್ಲಿ ಗಾಳಿ ಗೊರಗೊರ ಎನ್ನುತ್ತಿತ್ತು. ಆಮೇಲೆ ನೀರು.

ಕೆಲವು ದಿನ ಅಮ್ಮ ಅವರಿಗೆ ಕಾಫಿ ಕೊಡುತ್ತಿದ್ದಳು. ಅದಕ್ಕೆಂದೇ ಒಂದು ಲೋಟ ಇತ್ತು. ಅದು ಮನೆಯೊಳಗೆ ಬರುತ್ತಿರಲಿಲ್ಲ. ಕುಡಿದಾದ ಮೇಲೆ ಅವರೇ ನಲ್ಲಿಯಲ್ಲಿ ತೊಳೆದು ಕಾಂಪೌಂಡ್ ಗೋಡೆಯ ಮೇಲೆ ಬೋರಲು ಹಾಕಿ ಹೋಗುತ್ತಿದ್ದರು. ಇದನ್ನು ಬರೆಯದೆ ಬಿಟ್ಟಿದ್ದರೆ ಈ ನೆನಪು ಚೆಂದವಾಗಿರುತ್ತಿತ್ತು.

ಅಮ್ಮನಿಗೆ ಡಯಾಲಿಸಿಸ್ ಬೇಕೇ ಬೇಕು ಎಂದು ಡಾಕ್ಟರು ಹೇಳಿದಾಗ ಅವಳಿಗೆ ಎಪ್ಪತ್ತೆರಡು. ಮೂವತ್ತು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು, ಸಾಲಿನಲ್ಲಿ ನಿಂತವರಿಗೆಲ್ಲ ನೇರ ಮಾತಾಡಿ ಅಭ್ಯಾಸವಾದ ಹೆಂಗಸು. ಡಾಕ್ಟರ ಕೋಣೆಯಿಂದ ಹೊರಗೆ ಬಂದವಳೇ ಬೆಂಚಿನ ಮೇಲೆ ಕೂತು ನನಗೆ ಹೇಳಿದಳು:

“ಒಂದು ತಿಂಗಳು ನೋಡ್ತೀನಿ ಕಣೇ. ಅಷ್ಟೇ. ಆಮೇಲೆ ನಾನು ಸಾಕು ಅಂದ್ರೆ ನೀನು ಹೂಂ ಅನ್ಬೇಕು. ಅತ್ತು ಕರೆದು ಮಾಡ್ಬಾರ್ದು.”

ನಾನು ಹೂಂ ಎಂದೆ. ಆ ಮಾತನ್ನು ಉಳಿಸಿಕೊಳ್ಳುವ ಉದ್ದೇಶ ನನಗೆ ಇರಲಿಲ್ಲ. ನನಗೆ ಅಮ್ಮ ಬಿಟ್ಟರೆ ಮನೆಯಲ್ಲಿ ಯಾರೂ ಇಲ್ಲ. ತಿಂಗಳಾಗುವಷ್ಟರಲ್ಲಿ ಹೇಗಾದರೂ ಮಾಡಿ ಅವಳ ಮನಸ್ಸು ತಿರುಗಿಸಿದರಾಯಿತು ಎಂದುಕೊಂಡಿದ್ದೆ.

ಎರಡನೆಯ ವಾರ ಚಿಕ್ಕಮ್ಮ ತನ್ನ ಅಕ್ಕನನ್ನು ನೋಡಲು ಡಯಾಲಿಸಿಸ್ ಘಟಕಕ್ಕೇ ಬಂದಳು. ಕೈಯಲ್ಲಿ ಎರಡು ಎಳನೀರು, ಮೂತಿ ಕೆತ್ತಿಸಿ, ಸ್ಟ್ರಾ ಸಮೇತ. ಅಮ್ಮನ ತುಟಿ ಒಣಗಿ ಬಿರುಕು ಬಿಟ್ಟಿತ್ತು. ಅವಳು ಕೈ ಚಾಚಿದ್ದಳು. ಅಷ್ಟರಲ್ಲಿ ಪಕ್ಕದ ಹಾಸಿಗೆಯಿಂದ ಒಂದು ದನಿ ಬಂತು.

“ಅಮ್ಮಾರೆ, ಆ ಎಳನೀರು ಈ ಕಡೆ ಕೊಡ್ತೀರಾ? ನಂಗೆ ಬಾಯಿ ಒಣಗ್ತಾ ಅದೆ.”

ಚಿಕ್ಕಮ್ಮ ತಬ್ಬಿಬ್ಬಾದಳು. ಕಾಯಿಲೆಯ ಮುದುಕರೊಬ್ಬರು ಬಾಯಿ ಬಿಟ್ಟು ಕೇಳಿದರೆ ಇಲ್ಲವೆನ್ನುವುದು ಹೇಗೆ? ಕೊಟ್ಟಳು. “ಆ ಇನ್ನೊಂದೂ ಕೊಟ್ಬುಡಿ” ಎಂದರು. ಅದನ್ನೂ ಕೊಟ್ಟು, ಮುಖ ಗಂಟು ಹಾಕಿಕೊಂಡು ಹೋದಳು. ನನಗೂ ಮೈ ಉರಿಯಿತು. ಎಂಥ ಆಸೆಬುರುಕ ಎಂದುಕೊಂಡೆ. ಅವಳು ಬಾಗಿಲು ದಾಟಿದ್ದೇ ಅವರು ವಾಚ್‌ಮನ್ನನ್ನು ಕರೆದು ಎರಡನ್ನೂ ಅವನ ಕೈಗಿಟ್ಟರು. ಒಂದು ಹನಿಯೂ ಕುಡಿಯಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು.

“ಪುಟ್ಟಮ್ಮಾರೆ, ನಮ್ಮಂಥೋರಿಗೆ ಎಳನೀರು ವಿಷ ಕಣ್ರವ್ವ. ಅದ್ರಲ್ಲಿ ಪೊಟ್ಯಾಸಿಯಮ್ಮು ಅಂತ ಅದೆ, ಎದೆ ನಿಲ್ಲಿಸ್ಬುಡ್ತದೆ. ಅವರ್ ಮುಂದೆ ಹೇಳಿದ್ರೆ ಪಾಪ, ಆಸೆಯಿಂದ ತಂದೋರಿಗೆ ಬೇಜಾರು. ಹೇಳ್ದೇ ಇದ್ರೆ ನಿಮ್ಮಮ್ಮಾರು ಹೋಯ್ತಾರೆ. ಅದ್ಕೇ ನಾನೇ ಕೇಳ್ಕೊಂಡೆ.”

ಏನು ತಿನ್ನಬಾರದು, ಏನು ಕುಡಿಯಬಾರದು ಎಂಬ ಪಟ್ಟಿ ನನ್ನ ಬ್ಯಾಗಿನಲ್ಲೇ ಇತ್ತು. ಎಳನೀರು ಅದರ ಎರಡನೆಯ ಸಾಲಿನಲ್ಲಿತ್ತು. ನಾನು ಓದಿದ್ದೆ ಕೂಡ. ಆದರೆ ಕಾಯಿಲೆ ಬಿದ್ದವರಿಗೆ ಎಳನೀರು ಎಂಬುದು ನಮ್ಮ ಕೈಗಳಿಗೆ ಎಷ್ಟು ಹಳೆಯ ಅಭ್ಯಾಸವೆಂದರೆ, ಓದಿದ್ದು ಅಲ್ಲಿಯವರೆಗೆ ಇಳಿದೇ ಇರಲಿಲ್ಲ. ಚಿಕ್ಕಮ್ಮನ ಕೈಯಿಂದ ಇಸಿದುಕೊಂಡು ಸ್ಟ್ರಾ ಸರಿಮಾಡಿದ್ದು ನಾನೇ ಇರಬೇಕು. ಇಲ್ಲ, ಚಿಕ್ಕಮ್ಮನೇ ನೇರ ಕೊಡಲು ಹೋದಳೋ... ಎರಡೂ ಚಿತ್ರಗಳು ನನ್ನಲ್ಲಿವೆ. ನನಗೆ ಅನುಕೂಲವಾದದ್ದನ್ನು ಆರಿಸಿಕೊಳ್ಳಲು ಮನಸ್ಸು ಬರುವುದಿಲ್ಲ.

“ನೀವು ಯಾರು?” ಎಂದು ಕೇಳಿದೆ.

“ಗುರ್ತು ಸಿಗ್ಲಿಲ್ವಾ? ನಿಮ್ಮ ಸಂಪು ಅಷ್ಟು ವರ್ಷ ಯಾರು ತುಂಬುದ್ರು ಅನ್ಕೊಂಡಿದ್ರಿ?” ಎಂದು ನಕ್ಕರು. ಅಮ್ಮನನ್ನು ಮೊದಲ ದಿನವೇ ಗುರುತು ಹಿಡಿದಿದ್ದರಂತೆ. ಅವಳಾಗಿ ಮಾತಾಡಿಸಲಿ ಎಂದು ಸುಮ್ಮನಿದ್ದರಂತೆ.

ಆಗಲೇ ಅವರಿಗೆ ಯಂತ್ರದ ಜೊತೆ ಒಂಬತ್ತು ವರ್ಷ. ಒಂಬತ್ತು ವರ್ಷ ಎಂದು ಕೇಳಿ ನಾನು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ. ಅವರ ಎಡಗೈಯ ಮುಂಗೈ ಮೇಲೆ ಬಳ್ಳಿಯ ಹಾಗೆ ಊದಿಕೊಂಡ ರಕ್ತನಾಳ. ಸೂಜಿ ಚುಚ್ಚಲೆಂದು ಡಾಕ್ಟರು ಎರಡು ನಾಳಗಳನ್ನು ಸೇರಿಸಿ ಮಾಡಿಕೊಟ್ಟ ಜಾಗ. ಅದರ ಮೇಲೆ ಬೆರಳಿಟ್ಟರೆ ಒಳಗೆ ಗುಂಯ್ ಎನ್ನುತ್ತಿರುತ್ತದೆ. ಅಮ್ಮನ ಕೈಗೂ ಅದನ್ನು ಮಾಡಿದ್ದರು. ಅವಳಿಗೆ ಅದನ್ನು ಮುಟ್ಟಲು ಹೇಸಿಗೆ. ಬೆಳಗ್ಗೆ ಎದ್ದ ಕೂಡಲೇ ಕೈಯನ್ನು ಕಿವಿಗೆ ಇಟ್ಟುಕೊಂಡು ಕೇಳಬೇಕು, ಶಬ್ದ ನಿಂತಿದ್ದರೆ ಓಡಿ ಬರಬೇಕು ಎಂದು ಅವರು ಕಲಿಸಿಕೊಟ್ಟರು. “ಪೈಪಿಗೆ ಕಿವಿ ಕೊಟ್ರೆ ನೀರು ಬತ್ತದಾ ಇಲ್ವಾ ಗೊತ್ತಾಗಲ್ವಾ, ಅಂಗೇ” ಎಂದರು.

ನೀರಿಗೂ ಅವರ ಬಳಿ ಒಂದು ಕ್ರಮವಿತ್ತು. ಡಯಾಲಿಸಿಸ್‌ನವರಿಗೆ ದಿನಕ್ಕೆ ಇಷ್ಟೇ ನೀರು ಎಂದು ಅಳತೆ ಇರುತ್ತದೆ. ಕುಡಿದದ್ದು ಹೊರಗೆ ಹೋಗಲು ದಾರಿಯಿಲ್ಲ, ಶ್ವಾಸಕೋಶಕ್ಕೆ ಏರುತ್ತದೆ. ಬೆಳಗ್ಗೆ ಒಂದು ಬಾಟಲಿಗೆ ಆ ದಿನದ ಪಾಲನ್ನು ತುಂಬಿಡಬೇಕು. ಕಾಫಿಯೋ ಸಾರೋ ಮಜ್ಜಿಗೆಯೋ, ಬೇರೆ ಏನು ಬಾಯಿಗೆ ಹೋದರೂ ಅಷ್ಟೇ ನೀರನ್ನು ಬಾಟಲಿಯಿಂದ ಗಿಡಕ್ಕೆ ಚೆಲ್ಲಬೇಕು. ಬಾಟಲಿ ಖಾಲಿಯಾಯಿತೋ, ದಿನ ಮುಗಿಯಿತು. ಪಟ್ಟಿ ನೋಡಿ ನೋಡಿ ನನಗೆ ತಲೆ ಕೆಟ್ಟಿತ್ತು, ಅಮ್ಮನಿಗೆ ಬಾಯಾರಿಕೆಯಿಂದ ತಲೆ ಕೆಟ್ಟಿತ್ತು. ಈ ಬಾಟಲಿ ನಮ್ಮಿಬ್ಬರ ಜಗಳವನ್ನು ಅರ್ಧ ನಿಲ್ಲಿಸಿತು. ನಮ್ಮ ಮನೆಯ ಕರಿಬೇವಿನ ಗಿಡ ಆ ವರ್ಷ ಚೆನ್ನಾಗಿ ಚಿಗುರಿತು.

ಊರಿಗೆಲ್ಲ ನೀರು ಬಿಟ್ಟವರಿಗೇ ನೀರಿಗೆ ಅಳತೆ ಬಂತಲ್ಲ ಎಂದು ಒಮ್ಮೆ ಅಂದುಬಿಟ್ಟೆ. ಬರೆಯುವವರಿಗೆ ಇಂಥದ್ದು ಕಂಡರೆ ಬಾಯಿ ತುರಿಸುತ್ತದೆ. ಅವರಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ.

“ಎಲ್ಲಾರೂ ಅದ್ನೇ ಹೇಳ್ತಾರೆ. ನಂಗೆ ಸಕ್ಕರೆ ಕಾಯ್ಲೆ ಇತ್ತು, ಮಾತ್ರೆ ಸರ್ಯಾಗಿ ತಗೊಳ್ಲಿಲ್ಲ, ಕಿಡ್ನಿ ಹೋಯ್ತು. ಅಷ್ಟೇಯ. ಆ ಮೂಲೇಲಿ ಮಲಗವ್ರಲ್ಲ, ಅವರು ಬ್ಯಾಂಕ್‌ನೋರು. ಅವರಿಗ್ಯಾಕ್ ಬಂತು ಹೇಳಿ?”

ಅವರು ಹೇಳಿಕೊಟ್ಟದ್ದರಲ್ಲಿ ಅಮ್ಮನಿಗೆ ಬಹಳ ಇಷ್ಟವಾದದ್ದು ಮೊದಲ ಗಂಟೆ. ಯಂತ್ರ ಶುರುವಾದ ಮೊದಲ ಒಂದು ಗಂಟೆಯಲ್ಲಿ ಏನಾದರೂ ತಿಂದರೆ, ಕುಡಿದರೆ, ಮುಂದಿನ ಮೂರು ಗಂಟೆಯಲ್ಲಿ ಯಂತ್ರವೇ ಅದನ್ನು ಎಳೆದುಹಾಕುತ್ತದೆ. ಎಲ್ಲರಿಗೂ ಇದು ಆಗಿಬರುವುದಿಲ್ಲ. ಕೆಲವರಿಗೆ ಬಿ.ಪಿ. ಇಳಿದು ತಲೆ ಸುತ್ತುತ್ತದೆ. ಡಾಕ್ಟರನ್ನು ಕೇಳಿಯೇ ಮಾಡಬೇಕು. ಆದರೆ ಆಗುವವರಿಗೆ ಅದು ಹಬ್ಬ. ಎಂಟು ಹಾಸಿಗೆಯ ಆ ಹಾಲಿನಲ್ಲಿ ಮೊದಲ ಗಂಟೆ ಡಬ್ಬಿಗಳು ತೆರೆಯುವ ಶಬ್ದ. ಒಬ್ಬರು ಚಕ್ಕುಲಿ ಮುರಿಯುತ್ತಿದ್ದರು, ಒಬ್ಬರು ಚಾಕೊಲೇಟ್ ಬಿಚ್ಚುತ್ತಿದ್ದರು. ನೀರಿನವರದು ಯಾವಾಗಲೂ ಅರ್ಧ ರಸಬಾಳೆ ಹಣ್ಣು. ಉಳಿದರ್ಧ ಸಿಸ್ಟರ್‌ಗೆ.

ಅಮ್ಮ ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಹೋಗತೊಡಗಿದಳು. ಮೊದಲ ದಿನ ಎರಡು ಲೋಟ ಹಾಕಿಕೊಂಡು ಹೋಗಿದ್ದಳು. ಒಂದನ್ನು ತುಂಬಿಸಿ ನನ್ನ ಕೈಯಲ್ಲಿ ಅವರಿಗೆ ಕೊಡಿಸಿದಳು. ಅವರು ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಒಳಗಿನ ಲೋಟಾನೇ ತಂದ್ಬುಟ್ಟಿದೀರಲ್ಲ ಅಮ್ಮಾರೆ. ಕಾಂಪೌಂಡಿಂದು ಏನಾಯ್ತು?”

ಅವರು ನಗುತ್ತಲೇ ಕೇಳಿದರು. ಅಮ್ಮ ನಗಲಿಲ್ಲ. ಛಾವಣಿ ನೋಡುತ್ತಾ ಹೇಳಿದಳು:

“ಅದನ್ನ ಎಸೆದು ಎಷ್ಟೋ ವರ್ಷ ಆಯ್ತು. ತಪ್ಪಾಗಿತ್ತು ಕಣ್ರೀ. ಕುಡೀರಿ, ಆರೋಗತ್ತೆ.”

ಅವರು ಕುಡಿದರು. “ಸಕ್ಕರೆ ಜಾಸ್ತಿ ಆಯ್ತು” ಎಂದರು.

ಇಷ್ಟಾದರೂ ಅಮ್ಮ ದಿನ ಎಣಿಸುವುದನ್ನು ಬಿಟ್ಟಿರಲಿಲ್ಲ. ಕ್ಯಾಲೆಂಡರಿನಲ್ಲಿ ಒಂದು ಶುಕ್ರವಾರಕ್ಕೆ ಗುರುತು ಹಾಕಿದ್ದಳು. ಅದು ತಿಂಗಳು ತುಂಬುವ ದಿನ. ಸೂಜಿಯ ನೋವು, ಮುಗಿಸಿ ಬಂದ ಮೇಲಿನ ಸುಸ್ತು, ಮರುದಿನ ಸ್ವಲ್ಪ ಏಳುವಷ್ಟರಲ್ಲಿ ಮತ್ತೆ ಹೊರಡುವ ದಿನ. “ಇದೊಂದು ಬದುಕೇನೇ?” ಎಂದು ಒಂದೆರಡು ಸಲ ಕೇಳಿದಳು. ನನಗೆ ಹೆದರಿಕೆ ಹೆಚ್ಚಾಯಿತು. ನೀರಿನವರ ಹತ್ತಿರ ಹೋಗಿ, ನೀವಾದರೂ ಬುದ್ಧಿ ಹೇಳಿ, ನಿಮ್ಮ ಮಾತು ಕೇಳುತ್ತಾಳೆ ಎಂದು ಬೇಡಿಕೊಂಡೆ.

“ನಾನ್ಯಾಕ್ ಹೇಳ್ಲಿ? ಚುಚ್ಚಿಸ್ಕೊಳೋರು ಅವ್ರು. ನೀವು ಮಾತು ಕೊಟ್ಟಿದೀರಂತೆ.”

“ಕೊಟ್ಟಿದ್ದೀನಿ, ಆದರೆ...”

“ಆದ್ರೆ ಏನು? ಒಂದ್ ಕೆಲ್ಸ ಮಾಡಿ. ಹೊರಗೋಗಿ ಕೂತ್ಕಳಿ. ನೀವಿಂಗೆ ನಾಲ್ಕ್ ಗಂಟೆ ಅವರ ಮುಖಾನೇ ನೋಡ್ತಾ ಕೂತ್ರೆ, ಸಾಯದೇ ಇರೋರಿಗೂ ಸಾಯ್ಬೇಕು ಅನ್ನಿಸ್ತದೆ.”

ನನಗೆ ಅವಮಾನವಾಯಿತು. ಹೊರಗೆ ಹೋಗಿ ಕೂತೆ. ಅಂದಿನಿಂದ ಗಾಜಿನ ಬಾಗಿಲ ಆಚೆಯಿಂದಲೇ ಅವರಿಬ್ಬರನ್ನು ನೋಡುತ್ತಿದ್ದೆ. ಅಮ್ಮ ಮಾತಾಡುತ್ತಿದ್ದಳು, ಕೈ ಆಡಿಸಲು ಹೋಗಿ ಸಿಸ್ಟರ್ ಹತ್ತಿರ ಬೈಸಿಕೊಳ್ಳುತ್ತಿದ್ದಳು. ನನ್ನ ಹತ್ತಿರ ಅಷ್ಟು ಮಾತಾಡಿದವಳಲ್ಲ.

ಆ ಶುಕ್ರವಾರದ ಹೊತ್ತಿಗೆ ನಮ್ಮ ರಸ್ತೆಗೆ ಮೂರು ದಿನದಿಂದ ನೀರು ಬಂದಿರಲಿಲ್ಲ. ಟ್ಯಾಂಕರ್ ತರಿಸಿದ್ದೆವು. ಸೂಜಿ ತೆಗೆಯುವ ಹೊತ್ತಾಗಿತ್ತು ಎಂದು ನಾನು ಒಳಗೆ ಹೋಗಿದ್ದೆ. ನೀರಿನವರ ಎದೆಯ ಮೇಲಿದ್ದ ಫೋನು ಬಡಿದುಕೊಂಡಿತು. ಒಂದು ಕೈ ಯಂತ್ರಕ್ಕೆ ಕೊಟ್ಟಿದ್ದರಿಂದ ಅವರು ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುತ್ತಿದ್ದರು. ನೀರು ಸರಬರಾಜಿನ ಎಳೆಯ ಇಂಜಿನಿಯರ್ ಒಬ್ಬನ ದನಿ.

“ಸರ್, ಸರಸ್ವತಿಪುರಂ ಕ್ರಾಸಲ್ಲಿ ವಾಲ್ವ್ ಸಿಗ್ತಾ ಇಲ್ಲ ಸರ್. ಹೊಸದಾಗಿ ಟಾರ್ ಹಾಕ್ದಾಗ ಮುಚ್ಚಳಾನೂ ಸೇರ್ಸಿ ಮುಚ್ಬಿಟ್ಟಿದಾರೆ. ಎರಡು ಕಡೆ ಅಗೆದ್ವಿ. ಜನ ಬೈತಿದಾರೆ.”

ನಿವೃತ್ತರಾಗಿ ಅಷ್ಟು ವರ್ಷವಾದರೂ ಇಂಥ ಫೋನು ಅವರಿಗೆ ಬರುತ್ತಿತ್ತು. ನೆಲದಡಿಯ ಯಾವ ಪೈಪು ಎಲ್ಲಿ ತಿರುಗುತ್ತದೆ ಎಂಬುದು ಅವರ ತಲೆಯಲ್ಲಿತ್ತು. ಅವರು ಕಣ್ಣು ಮುಚ್ಚಿಕೊಂಡರು.

“ಹೊಂಗೆ ಮರ ಅದಲ್ಲ, ಅದ್ಕೆ ಬೆನ್ನು ಕೊಟ್ಟು ನಿಂತ್ಕಳಿ. ಮೂಡ್ಲಾಗಿ ಹನ್ನೆರಡು ಹೆಜ್ಜೆ.”

“ಇಲ್ಲಿ ಹೊಂಗೆ ಮರ ಯಾವ್ದೂ ಇಲ್ವಲ್ಲ ಸರ್.”

ಅವರು ಕಣ್ಣು ಬಿಟ್ಟರು. ಆಗ ಅಮ್ಮ ಈ ಹಾಸಿಗೆಯಿಂದ ಕೂಗಿದಳು:

“ಕಡಿದ್ರು ಕಣ್ರೀ ಅದನ್ನ! ಟ್ಯುಟೋರಿಯಲ್‌ನವರು ಬೋರ್ಡ್ ಕಾಣಲ್ಲ ಅಂತ ಕಡಿಸಿದ್ರು.”

“ಎಲ್ಲಿತ್ತು, ಸರ್ಯಾಗ್ ಹೇಳಿ ಅಮ್ಮಾರೆ.”

“ಟ್ಯುಟೋರಿಯಲ್ ಗೇಟಿನ ಎಡಕ್ಕೆ ಲೈಟ್ ಕಂಬ ಇದೆಯಲ್ಲ, ಅದಕ್ಕೂ ಚರಂಡಿಗೂ ಮಧ್ಯೆ. ಪೋಸ್ಟಾಫೀಸಿಂದ ಬರ್ತಾ ದಿನಾ ಅದರ ಕೆಳಗೇ ಛತ್ರಿ ಮಡಚ್ತಿದ್ದೆ, ನನಗೆ ಗೊತ್ತಿಲ್ವಾ?”

“ಯಾರ್ ಸರ್ ಅದು ಮಾತಾಡ್ತಿರೋದು?” ಎಂದಿತು ಫೋನು.

“ನಮ್ ಹೊಸಾ ಅಸಿಸ್ಟೆಂಟು. ಹೇಳಿದ್ ಕೇಳಿ. ಕಂಬಕ್ಕೂ ಚರಂಡಿಗೂ ನಡುವೆ ನಿಂತು ಹನ್ನೆರಡು ಹೆಜ್ಜೆ.”

“ಯಾರ್ ಹೆಜ್ಜೆ ಸರ್? ನಂದಾ, ನಿಮ್ದಾ?”

“ನೀವೆಷ್ಟುದ್ದ ಇದೀರಪ್ಪ?”

ಎಂಟೂ ಹಾಸಿಗೆಗಳು ನಕ್ಕವು. ವಾಲ್ವ್ ಸಿಕ್ಕಿತೋ ಇಲ್ಲವೋ ತಿಳಿಯುವ ಮೊದಲೇ ಅಮ್ಮನ ನಾಲ್ಕು ಗಂಟೆ ಮುಗಿದು ನಾವು ಹೊರಟೆವು. ತಿಂಗಳು ತುಂಬಿತ್ತು. ದಾರಿಯಲ್ಲಿ ಅಮ್ಮ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಶನಿವಾರ ಇಡೀ ದಿನ ನಾನು ಅವಳ ಮುಖ ನೋಡದಂತೆ ಓಡಾಡಿದೆ.

ಭಾನುವಾರ ಮಧ್ಯಾಹ್ನ ಸಂಪಿನಲ್ಲಿ ಗೊರಗೊರ ಎಂದಿತು. ಮಲಗಿದ್ದ ಅಮ್ಮ ಎದ್ದು ಗೋಡೆ ಹಿಡಿದುಕೊಂಡು ಹೊರಗೆ ಬಂದು ಸಂಪಿನ ಮುಚ್ಚಳದ ಹತ್ತಿರ ನಿಂತಳು. ನೀರು ಬೀಳುವ ಶಬ್ದವನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡಳು.

“ನಾಳೆ ಅವರಿಗೆ ಹೇಳ್ಬೇಕು, ಬಂತು ಅಂತ” ಎಂದಳು.

ಫೋನ್ ಮಾಡಿ ಹೇಳಬಹುದಿತ್ತು. ಅವಳಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಆ ಮಾತೆತ್ತಲಿಲ್ಲ. ಸೋಮವಾರ ಹೋದೆವು.

ಹೀಗೆ ಬರೆದು ಅಮ್ಮನಿಗೆ ಓದಿ ತೋರಿಸಿದರೆ ಅವಳು ಒಪ್ಪುವುದಿಲ್ಲ. “ನೀರೂ ಇಲ್ಲ, ಮಣ್ಣೂ ಇಲ್ಲ. ಸೋಮವಾರ ಹೋಗದಿದ್ರೆ ಮಂಗಳವಾರ ಉಸಿರು ಕಟ್ತಿತ್ತು, ಹೋದೆ. ನಿನಗೆ ಎಲ್ಲದಕ್ಕೂ ಒಂದು ಕಾರಣ ಬೇಕು.” ಇರಬಹುದು. ಅವಳ ಉಸಿರಿನ ವಿಷಯ ಅವಳಿಗೇ ಚೆನ್ನಾಗಿ ಗೊತ್ತು. ಆದರೆ ಆ ಸೋಮವಾರ 'ಬಂತು ಕಣ್ರೀ ನೀರು!' ಎಂದು ಬಾಗಿಲಿನಿಂದಲೇ ಕೂಗಿದ್ದು ಅವಳೇ. ಅದನ್ನು ನಾನು ಬಿಟ್ಟುಕೊಡುವುದಿಲ್ಲ.

ಆಮೇಲಿನ ಐದು ವರ್ಷ ನೀರಿನವರನ್ನು ನೋಡಿ ನಾನು ಕಲಿತದ್ದು ಇಷ್ಟು ಎಂದು ಹೇಳಲಾರೆ. ಯಂತ್ರ ಕೊಟ್ಟ ವರ್ಷಗಳನ್ನು ಅವರು ಬಹಳ ಸಾಧಾರಣವಾಗಿ ಖರ್ಚು ಮಾಡಿದರು, ಅದೇ ನನಗೆ ದೊಡ್ಡದಾಗಿ ಕಂಡದ್ದು. ಮಂಗಳವಾರ ಮತ್ತು ಗುರುವಾರ ಹೊಸ ವಾಲ್ವ್‌ಮನ್‌ಗಳ ಸ್ಕೂಟರಿನ ಹಿಂದೆ ಕೂತು ವಾರ್ಡು ವಾರ್ಡು ತಿರುಗಿ ಗುಂಡಿಗಳನ್ನು ತೋರಿಸಿದರು. ಕೆಸರೆಯಲ್ಲಿ ಒಂದು ಮುಚ್ಚಳ ಯಾರದೋ ಮನೆಯ ಮೆಟ್ಟಿಲ ಕೆಳಗೆ ಹೋಗಿತ್ತು. ಆ ಮನೆಯವರ ಜೊತೆ ಜಗಳವಾಡಿ, ಅವರ ಮನೆಯಲ್ಲೇ ಊಟ ಮಾಡಿ ಬಂದಿದ್ದರು. ಊಟದಲ್ಲಿ ಉಪ್ಪು ಹೆಚ್ಚಾಗಿ ಮೈಯಲ್ಲಿ ನೀರು ನಿಂತು, ಮರುದಿನ ಯಂತ್ರಕ್ಕೆ ಮೊದಲು ತೂಕ ನೋಡಿದಾಗ ಸಿಸ್ಟರ್ ಕೈಲಿ ಚೆನ್ನಾಗಿ ಉಗಿಸಿಕೊಂಡರು. ಮೊಮ್ಮಗಳಿಗೆ ಸೈಕಲ್ ಕಲಿಸಿದರು. ಹೊಸದಾಗಿ ಬಂದ ರೋಗಿಗಳಿಗೆ ಬಾಟಲಿ ತೋರಿಸಿದರು. ಯಾರಿಗೂ ಧೈರ್ಯ ಹೇಳಿದ್ದನ್ನು ನಾನು ಕೇಳಲಿಲ್ಲ. “ಇವತ್ತು ಮೊದ್ಲ ಗಂಟೆಗೆ ಏನ್ ತಂದಿದೀರ?” ಎಂದು ಕೇಳುತ್ತಿದ್ದರು, ಅಷ್ಟೇ.

ಆಮೇಲೆ ಅವರ ಕೈಯ ನಾಳ ಮುಚ್ಚಿಹೋಯಿತು. ಬಲಗೈಯಲ್ಲಿ ಮಾಡಿದರು, ಅದೂ ನಿಂತಿತು. ಕುತ್ತಿಗೆಗೆ ಕೊಳವೆ ಹಾಕಿದರು, ಸೋಂಕಾಯಿತು. ತೆಗೆದು ತೊಡೆಗೆ ಹಾಕಿದರು. ಮೊದಲ ಗಂಟೆಯಲ್ಲಿ ಅವರು ಹಣ್ಣು ಸುಲಿಯುವುದನ್ನು ಬಿಟ್ಟರು. ಯಂತ್ರ ಶುರುವಾದ ಸ್ವಲ್ಪ ಹೊತ್ತಿಗೇ ಬಿ.ಪಿ. ಕುಸಿದು, ಆ ದೊಡ್ಡ ಪಾದಗಳನ್ನು ಎತ್ತರಕ್ಕೆ ಇಡಬೇಕಾಗುತ್ತಿತ್ತು. ನಾನು ಗಾಜಿನಾಚೆಯಿಂದ ನೋಡುತ್ತಿದ್ದೆ...

ಒಂದು ಬುಧವಾರ ಅವರು ಬರಲಿಲ್ಲ. ಸಿಸ್ಟರ್ ಫೋನ್ ಮಾಡಿದರೆ ಅವರ ಮಗಳು, ಅಪ್ಪ ಇನ್ನು ಬರುವುದಿಲ್ಲ, ಡಾಕ್ಟರ ಹತ್ತಿರ ಮಾತಾಡಿಯಾಗಿದೆ ಎಂದಳಂತೆ. ಅಮ್ಮ ಪಕ್ಕದ ಖಾಲಿ ಹಾಸಿಗೆಯ ಕಡೆ ತಿರುಗದೆ ಮಲಗಿದ್ದಳು. ಆಶ್ಚರ್ಯ ಪಟ್ಟಂತೆ ಕಾಣಲಿಲ್ಲ.

ಮರುದಿನ ನಾನೊಬ್ಬಳೇ ಅಶೋಕಪುರಂಗೆ ಹೋದೆ. ಅವರು ಮನೆಯ ಮುಂದಿನ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು, ಕಾಲ ಕೆಳಗೆ ಒಂದು ದಿಂಬು. ಎದುರಿಗೆ ಹೋಗಿ ನಿಂತೆ. ಹೇಳಬೇಕೆಂದುಕೊಂಡು ಬಂದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಇನ್ನೊಂದು ಕೊಳವೆ ಹಾಕಬಹುದಂತೆ, ಬೆಂಗಳೂರಿನಲ್ಲಿ ಬೇರೆ ರೀತಿ ಮಾಡುತ್ತಾರಂತೆ, ಹೊಸ ಯಂತ್ರ ಬಂದಿದೆಯಂತೆ. ಅವರು ಪೂರ್ತಿ ಕೇಳಿಸಿಕೊಂಡರು.

“ಕೂತ್ಕೊ ಮಗ್ಳೆ” ಎಂದರು. ಪುಟ್ಟಮ್ಮಾರೆ ಎನ್ನಲಿಲ್ಲ.

ಕೂತೆ.

“ಮಿಷನ್ ಮ್ಯಾಲೆ ನಂಗೆ ಸಿಟ್ಟಿಲ್ಲ. ಹದ್ನಾಲ್ಕು ವರ್ಷ ಸಾಕ್ತು ನನ್ನ. ಡಾಕ್ಟ್ರೂ ಸುಳ್ಳು ಹೇಳ್ಲಿಲ್ಲ, ಮಾಡಾದಾದ್ರೆ ಮಾಡಣ, ಬ್ಯಾಡ ಅಂದ್ರೆ ನೋವಾಗ್ದಂಗೆ ಮಾತ್ರೆ ಕೊಡ್ತೀನಿ ಅಂದ್ರು. ಮೊದ್ಲು ಸೋಮವಾರಕ್ಕೂ ಬುಧವಾರಕ್ಕೂ ಮಧ್ಯ ನಂಗೊಂದು ಮಂಗಳವಾರ ಇರ್ತಿತ್ತು. ಈಗಿಲ್ಲ. ಅಲ್ಲಿಂದ ತಂದು ಮಲಗಿಸ್ತಾರೆ, ಎಬ್ಬಿಸ್ಕೊಂಡು ಹೋಯ್ತಾರೆ.”

ನಾನು ಅಳುತ್ತಿದ್ದೆ. ಅವರು ಹೇಳಿದರು:

“ನೀನು ನನ್ನ ನೋಡಕ್ ಬಂದಿಲ್ಲ. ಅಮ್ಮಾರೂ ನಿಲ್ಲಿಸ್ಬುಟ್ರೆ ಅಂತ ಹೆದ್ರಿ ಬಂದಿದೀಯ.”

ಇಲ್ಲವೆನ್ನಲು ಬಾಯಿ ತೆರೆದೆ.

“ಅವರಿಗೆ ಎರಡು ವಾರದಿಂದ್ಲೂ ಗೊತ್ತು. ಹೇಳಿದ್ದೆ. ನಿಂಗೆ ಹೇಳ್ಬೇಡಿ ಅಂತಾನೂ ಹೇಳಿದ್ದೆ. ಅವರ ಕೈ ಇನ್ನೂ ಚೆನ್ನಾಗಿ ಗುಂಯ್ ಅಂತದೆ. ಅವರದ್ದು ಬ್ಯಾರೆ, ನಂದು ಬ್ಯಾರೆ. ಒಂದ್ ದಿನ ಅವರದ್ದೂ ಇಂಗೇ ಆಗ್ಬೋದು. ಆಗ್ಲೂ ಬತ್ತೀಯಾ ಅಂತ ನೀನು ಕೇಳ್ಬೇಡ. ಕೇಳಿದ್ರೆ ನಿನಗೋಸ್ಕರ ಬತ್ತೀನಿ ಅಂತಾರೆ. ಅವರಿಗೋಸ್ಕರ ಬರ್ಲಿ.”

ಆಮೇಲೆ ಮಗಳನ್ನು ಕೂಗಿ ನೀರು ತರಿಸಿದರು. ಒಂದು ಚೊಂಬು. ಎರಡೂ ಕೈಯಲ್ಲಿ ಹಿಡಿದು, ನಿಲ್ಲಿಸಿ ನಿಲ್ಲಿಸಿ, ಕಣ್ಣು ಮುಚ್ಚಿಕೊಂಡು ಕುಡಿದರು. ಅರ್ಧಕ್ಕೆ ಸಾಕಾಯಿತು. ಇಲ್ಲಿ ಅವರು ಏನೋ ಒಂದು ಮಾತು ಹೇಳಿದರೆಂದು ಬರೆಯಲು ಕೈ ಹೋಗುತ್ತದೆ. ಏನೂ ಹೇಳಲಿಲ್ಲ. ತೇಗಿದರು. “ನಿಂಗೂ ಬೇಕಾ?” ಎಂದು ಕೇಳಿದರು.

ಒಂಬತ್ತು ದಿನ ಇದ್ದರು. ಅಮ್ಮ ಒಂದು ದಿನ ಹೋಗಿ ಬಂದಳು. ನನ್ನನ್ನು ಹೊರಗೆ ಕೂರಿಸಿದಳು. ಒಳಗೆ ಏನು ಮಾತಾಡಿದರೋ ನನಗೆ ಇಂದಿಗೂ ಗೊತ್ತಿಲ್ಲ. ಒಮ್ಮೆ ಇಬ್ಬರೂ ಜೋರಾಗಿ ನಕ್ಕದ್ದು ಕೇಳಿಸಿತು. ಇಲ್ಲ, ನಕ್ಕದ್ದು ಅಮ್ಮ ಒಬ್ಬಳೇ ಇರಬೇಕು, ಅವರಿಗೆ ಅಷ್ಟು ಉಸಿರು ಇರಲಿಲ್ಲ...

ಅವರು ಹೋಗಿ ಈಗ ಎರಡು ವರ್ಷವಾಗುತ್ತ ಬಂತು. ಆ ಹಾಸಿಗೆಗೆ ಕಾಲೇಜು ಹುಡುಗಿಯೊಬ್ಬಳು ಬರುತ್ತಾಳೆ, ನಾಲ್ಕು ಗಂಟೆಯೂ ಲ್ಯಾಪ್‌ಟಾಪಿನಲ್ಲಿ ಓದುತ್ತಾಳೆ. ಅವಳಿಗೆ ಕಿಡ್ನಿ ಕಸಿ ಮಾಡಲು ಹೆಸರು ಬರೆಸಿದ್ದಾರೆ. ಅಮ್ಮನಿಗೆ ಎಪ್ಪತ್ತೊಂಬತ್ತು. ಈಚೆಗೆ ಅವಳ ಕೈಯ ಶಬ್ದ ಸಣ್ಣದಾಗಿದೆ. ಮುಂದೇನು ಎಂದು ಯೋಚಿಸಿಕೊಳ್ಳಿ ಎಂದು ಡಾಕ್ಟರು ಕಳೆದ ತಿಂಗಳು ಮೆಲ್ಲಗೆ ಹೇಳಿದರು. ಅಮ್ಮ ತಲೆಯಾಡಿಸಿದಳು. ಮನೆಗೆ ಬಂದ ಮೇಲೆ ಆ ವಿಷಯ ಎತ್ತಲಿಲ್ಲ.

ನಾನು ಕೇಳುವುದಿಲ್ಲ. ಭಾನುವಾರ ಸಂಜೆ ಅವಳಾಗಿ ಹೇಳುವವರೆಗೆ ಮರುದಿನದ ಆಟೋಗೆ ಫೋನ್ ಮಾಡುವುದಿಲ್ಲ. ಸಾಮಾನ್ಯವಾಗಿ ಆರು ಗಂಟೆಯೊಳಗೆ ಹೇಳಿಬಿಡುತ್ತಾಳೆ. ಹೋದ ಭಾನುವಾರ ಆರಾಯಿತು, ಏಳಾಯಿತು. ಅವಳು ಟಿ.ವಿ. ನೋಡಿದಳು. ಊಟ ಮಾಡಿದಳು. ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ಮಡಚಿ, ಮಡಚಿದ್ದನ್ನೇ ಮತ್ತೆ ಬಿಡಿಸಿ ಮಡಚಿದಳು. ನಾನು ಅಡುಗೆಮನೆಯಲ್ಲಿ ಒರೆಸಿದ ಕಟ್ಟೆಯನ್ನೇ ಒರೆಸುತ್ತಾ ನಿಂತಿದ್ದೆ. ಕೇಳಿಬಿಡುವ ಮಾತು ಬಾಯಿಗೆ ಬಂದಿತ್ತು.

“ಏನೇ, ಆಟೋದವನಿಗೆ ಹೇಳಿದ್ಯಾ ಇಲ್ವಾ?” ಒಳಗಿನಿಂದ ಕೂಗಿದಳು. “ಏಳಕ್ಕೇ ಬರ್ಲಿ. ಹೋದ್ಸಲ ಲೇಟ್ ಮಾಡಿದ.”

“ಹೇಳ್ತೀನಮ್ಮ” ಎಂದೆ. ಬೇಕಾದ್ದಕ್ಕಿಂತ ಜೋರಾಗಿ ಅಂದಿದ್ದೆ.

“ಏನಾಯ್ತೇ?”

“ಏನಿಲ್ಲ.”

ನಾನು ಕೇಳಲಿಲ್ಲ, ಅವಳಾಗಿಯೇ ಹೇಳಿದಳು ಎಂದು ಒಬ್ಬರಿಗೆ ಹೇಳಬೇಕೆನಿಸಿತು. ಅವರಿಲ್ಲ. ಆಟೋದವನಿಗೆ ಫೋನ್ ಮಾಡಿದೆ.